ಚನ್ನಣ್ಣ ಅಂಟಿಸಿದ ಪಡಸಾಲೆ

ಚನ್ನಣ್ಣ ಬಣ್ಣದ ಚಿತ್ರ ತೋರಿಸಿ ನೀಲಮ್ಮ ದೊಡ್ಡವ್ವನಿಗೆ ಮೋಸ ಮಾಡಿದ. ಮಸ್ಕಿಯಿಂದ ಲಿಂಗಸುಗೂರಿನವರೆಗೆ ನಮ್ಮ ಬಳಗದಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಇಷ್ಟು ಜನ ಇಷ್ಟು ಸರಾಗವಾಗಿ ಒಂದೇ ಮಾತು ಹೇಳಿದರೆ ನನಗೆ ಮೊದಲು ಅನುಮಾನ ಬರುವುದು ಆ ಮಾತಿನ ಮೇಲೆಯೇ. ಮೋಸ ಮಾಡಿದವನಿಗೆ ಸಿಕ್ಕಿದ್ದಾದರೂ ಏನು? ಆಫೀಸು ಮುಚ್ಚಿತು, ಹೆಸರು ಹೋಯಿತು. ಇದ್ಯಾವ ಸೀಮೆಯ ಮೋಸ?

ಮಸ್ಕಿಯಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಚನ್ನಣ್ಣನ ಆಫೀಸಿತ್ತು. ಮನೆ ಕಟ್ಟಿಸುವವರಿಗೆ ನಕ್ಷೆ ಬರೆದು, ಕಟ್ಟಿದ ಮೇಲೆ ಮನೆ ಹೇಗೆ ಕಾಣುತ್ತದೆ ಎಂಬ ಬಣ್ಣದ ಚಿತ್ರವನ್ನೂ ಕಂಪ್ಯೂಟರಿನಲ್ಲಿ ತೆಗೆದುಕೊಡುತ್ತಿದ್ದ. ಜನ ಅದಕ್ಕೆ ‘ತ್ರೀಡಿ’ ಅನ್ನುತ್ತಿದ್ದರು. ಬೇರೆಯವರು ನಕ್ಷೆ, ಚಿತ್ರ ಎರಡನ್ನೂ ಒಂದೇ ಹಾಳೆಯಲ್ಲಿ ಒಮ್ಮೆಲೇ ಮುದ್ರಿಸಿ ಕೈತೊಳೆದುಕೊಳ್ಳುತ್ತಿದ್ದರು. ಚನ್ನಣ್ಣನಿಗೆ ಅದು ಆಗಿಬರುತ್ತಿರಲಿಲ್ಲ. “ನಕ್ಷಾ ಹೊಡಿಯೋ ಮಿಷಿನ್ನಿನ್ಯಾಗ ಚಿತ್ರಾನೂ ಹೊಡದ್ರ ಮನಿಗಿ ಕಾಮಾಲಿ ಆದಂಗ ಕಾಣ್ತೈತಿ” ಅನ್ನುತ್ತಿದ್ದ. ಅದಕ್ಕಾಗಿ ಹಾಳೆಯ ಬಲಮೂಲೆ ಖಾಲಿ ಬಿಟ್ಟು ನಕ್ಷೆ ತೆಗೆಯುತ್ತಿದ್ದ. ಚಿತ್ರವನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಸ್ ಹತ್ತಿ ಸಿಂಧನೂರಿಗೆ ಹೋಗಿ, ಫೋಟೋ ಸ್ಟುಡಿಯೋದಲ್ಲಿ ಹೊಳೆಯುವ ಕಾಗದದ ಮೇಲೆ ತೆಗೆಸಿ ತರುತ್ತಿದ್ದ. ಬಾಗಿಲಿನ ಕೀಲಿ ತೂತು ಕಾಣದಿದ್ದರೆ ಮತ್ತೆ ತೆಗೆಸುತ್ತಿದ್ದ. “ಮದಿವಿ ಫೋಟೋಕ್ಕೂ ಇಷ್ಟು ಜಗಳ ಯಾರೂ ಮಾಡಂಗಿಲ್ಲ ಭಯ್ಯಾ” ಎಂದು ಸ್ಟುಡಿಯೋದವರು ಕೈಮುಗಿಯುತ್ತಿದ್ದರಂತೆ.

ಆಮೇಲೆ ಆ ಚಿತ್ರವನ್ನು ಬ್ಲೇಡಿನಿಂದ ಕತ್ತರಿಸಿ, ಖಾಲಿ ಮೂಲೆಗೆ ಅಂಟಿಸಿ, ಅದಕ್ಕೆಂದೇ ಬೆಳೆಸಿದ್ದ ಹೆಬ್ಬೆರಳ ಉಗುರಿನಿಂದ ಅಂಚನ್ನು ತೀಡುತ್ತಿದ್ದ. ತೀಡಿ ಮುಗಿದ ಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದ. ಹೊಗಳಬೇಕು! ಹೊಗಳದಿದ್ದರೆ ಆ ಗಿರಾಕಿಗೆ ಚಹಾ ಇಲ್ಲ. ಜಂಬ ಅಂದರೆ ಅಷ್ಟು ಜಂಬ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಬಹುಮಾನ ಗೆದ್ದು ತರುತ್ತಿದ್ದ ಕಾಲ ಅದು. ಮೆಟ್ಟಿಲಲ್ಲಿ ನನ್ನ ಚಪ್ಪಲಿ ಸದ್ದಾದರೆ ಸಾಕು, “ಬಂದ್ರು ನೋಡ್ರಪಾ ವಕೀಲಮ್ಮ. ಇನ್ನ ನಮ್ಮ ಗ್ವಾಡಿ ಬಿದ್ದಂಗ” ಎಂದು ಒಳಗಿನಿಂದಲೇ ಕೂಗುತ್ತಿದ್ದ.

ಗುರುಗುಂಟಾದ ಒಬ್ಬ ರೈತ ತನ್ನ ಮನೆಯ ಚಿತ್ರ ನೋಡಿ ಸಿಟ್ಟಾದದ್ದು ನನ್ನ ಮುಂದೆಯೇ. ಚನ್ನಣ್ಣ ಅಂಗಳದಲ್ಲಿ ಬಿಳಿ ಕಾರು ನಿಲ್ಲಿಸಿದ್ದ.

“ಇದ್ಯಾರ ಗಾಡಿ? ನನ್ನ ಎಮ್ಮಿ ಎಲ್ಲೈತಿ?”

“ಎಮ್ಮಿ ಚಿತ್ರದಾಗ ಚಂದ ಕಾಣಂಗಿಲ್ರೀ.”

“ನಿನ್ನಕಿಂತ ಚಂದ ಐತಿ ಬಾರಲೇ, ತೋರಿಸ್ತೀನಿ.”

ಚನ್ನಣ್ಣ ಹೋದ. ಎಮ್ಮೆಯ ಫೋಟೋ ತೆಗೆದುಕೊಂಡು ಬಂದು, ಮನೆಯ ನೆರಳು ಬಿದ್ದ ಕಡೆಗೇ ಎಮ್ಮೆಯ ನೆರಳೂ ಬೀಳುವಂತೆ ಕೂರಿಸಿದ. ನಾನು ಬಿಡುತ್ತೇನೆಯೇ? “ಚಿತ್ರದಾಗ ಎಮ್ಮಿ ಐತಿ, ನಕ್ಷೆದಾಗ ಕೊಟ್ಟಿಗಿ ಇಲ್ಲ. ಅಂದ್ರ ನಿನ್ನ ಚಿತ್ರ ಸುಳ್ಳು” ಎಂದೆ. ಮುಖ ಗಂಟಿಕ್ಕಿ ಕೂತ. ಮರುದಿನ ನೋಡಿದರೆ ನಕ್ಷೆಯ ಹಿತ್ತಿಲಲ್ಲಿ ಕೊಟ್ಟಿಗೆ ಬಂದಿತ್ತು! ಅವತ್ತಿನಿಂದ ಅದೇ ಅವನ ಮಂತ್ರ: “ಚಿತ್ರದಾಗ ಇದ್ದದ್ದು ನಕ್ಷೆದಾಗ ಇರಬೇಕು. ಇಲ್ಲಂದ್ರ ಅದು ಕ್ಯಾಲೆಂಡರ್.” ಮನೆ ನೋಡುವವರು ಚಿತ್ರ ನೋಡುತ್ತಾರೆ, ಕಟ್ಟುವವರು ನಕ್ಷೆ ನೋಡುತ್ತಾರೆ, ಎರಡೂ ಒಂದೇ ಆಗಿರಬೇಕು ಎಂದು ಬಂದವರಿಗೆಲ್ಲ ಉಪದೇಶ ಕೊಡಲು ಶುರುಮಾಡಿದ.

ಇಂಥವನ ಕೈಗೆ ನನ್ನ ದೊಡ್ಡವ್ವನ ಮನೆಯ ಕೆಲಸ ಬಂತು. ದೊಡ್ಡವ್ವ ಲಿಂಗಸುಗೂರಿನಲ್ಲಿ ಜೋಳದ ರೊಟ್ಟಿ ಮಾಡಿಸಿ ಮಾರುತ್ತಾಳೆ. ಓಣಿಯ ಹೆಂಗಸರು ಬಂದು ಬಡಿಯುತ್ತಾರೆ. ಅವಳು ಬೇಡಿದ್ದು ಒಂದೇ: ಮನೆಯ ಮುಂದೆ ಉದ್ದನೆಯ ಪಡಸಾಲೆ, ಅಲ್ಲಿ ಸಾಲಾಗಿ ಒಲೆ, ಬಡಿಯುವವರ ಮೈಮೇಲೆ ಗಾಳಿ. ಚನ್ನಣ್ಣ ಅದನ್ನೇ ತೆಗೆದ. ಮುಂಜಾನೆಯ ಬೆಳಕಿನಲ್ಲಿ ಪಡಸಾಲೆ, ಹೊಗೆಯಾಡುವ ಒಲೆ, ಹಿಟ್ಟು ನಾದುವ ಕೊಣಮಿಗೆ, ಬುಟ್ಟಿಯ ತುಂಬ ರೊಟ್ಟಿ. “ಯವ್ವಾ, ಹೊಗಿ ಸೈತ ಬಿಟ್ಟಿಲ್ಲ ನೋಡು ಈ ಖೋಡಿ!” ಎಂದು ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಚಿತ್ರದ ಬಗ್ಗೆ ಚನ್ನಣ್ಣನಿಗೂ ವಿಪರೀತ ಮೋಹ. ತನ್ನ ಕಂಪ್ಯೂಟರಿನ ಪರದೆಯ ಮೇಲೂ ಅದನ್ನೇ ಇಟ್ಟುಕೊಂಡಿದ್ದ.

ಅವಳ ಮಗ, ನನಗೆ ಅಣ್ಣನಾಗಬೇಕಾದ ಮಲ್ಲಣ್ಣ, ಆಮೇಲೆ ಒಬ್ಬನೇ ಆಫೀಸಿಗೆ ಬಂದು ನಕ್ಷೆ ಬದಲಿಸಿಕೊಂಡು ಹೋದ. ಪಡಸಾಲೆ ತೆಗೆದು ಬೀದಿಗೆ ಮುಖಮಾಡಿದ ಎರಡು ಅಂಗಡಿ, ಶಟರ್ ಸಮೇತ. ಇದನ್ನು ಅವನೂ ಅಲ್ಲಗಳೆಯುವುದಿಲ್ಲ. ಹೊಸ ನಕ್ಷೆಯ ಹಾಳೆಯನ್ನು ಮಲ್ಲಣ್ಣ ತಂದು ದೊಡ್ಡವ್ವನ ಮುಂದೆ ಹಿಡಿದಾಗ ಮೂಲೆಯಲ್ಲಿ ಹಳೆಯ ಚಿತ್ರವೇ ಇತ್ತು. ಅವಳಿಗೆ ನಕ್ಷೆಯ ಗೆರೆ ತಿಳಿಯದು. ಚಿತ್ರಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕೈಮುಗಿದು, ಸಹಿ ಮಾಡಿದಳು. ಗೋಡೆ ಎದ್ದ ಮೇಲೆ ಗೌಂಡಿಯನ್ನು ಕೇಳಿದಳು, “ಪಡಸಾಲಿ ಯಾವಾಗ ಹಿಡೀತಿ ತಮ್ಮಾ?” ಅವನು ಹಾಳೆ ಹರಡಿ ನೋಡಿ, “ಯವ್ವಾ, ಇದ್ರಾಗ ಪಡಸಾಲಿನೇ ಇಲ್ಲಲ್ಲ” ಎಂದ.

ದೊಡ್ಡವ್ವ ಮಗನನ್ನು ಕರೆದುಕೊಂಡು ಮಸ್ಕಿಗೆ ಬಂದಳು. ಮಹಡಿಯ ಮೆಟ್ಟಿಲ ತನಕ ಜನ. “ನನಗೊಂದು ತೋರಿಸಿ ಇನ್ನೊಂದು ಕಟ್ಟಿಸಿದೇನೋ?” ಎಂದಳು. ಮಲ್ಲಣ್ಣ ಮೊಬೈಲು ನೋಡುತ್ತಿದ್ದ. ಚನ್ನಣ್ಣ ಅವನನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ, “ತಪ್ಪು ನಂದ ರೀ ಅಮ್ಮಾ. ಹಳೇದ ಹಚ್ಚಿಬಿಟ್ಟೀನಿ” ಎಂದ. ಸುದ್ದಿ ಹಬ್ಬಿತು. ಗಿರಾಕಿಗಳು ಮೆಟ್ಟಿಲು ಹತ್ತುವುದನ್ನು ಬಿಟ್ಟರು.

ಕೊನೆಯ ಸಲ ಅವನನ್ನು ಕಂಡದ್ದು ಸಿಂಧನೂರಿನಲ್ಲಿ, ಅದೇ ಫೋಟೋ ಸ್ಟುಡಿಯೋದಲ್ಲಿ. ಮದುವೆ ಆಲ್ಬಮ್ಮಿಗೆ ಫೋಟೋ ಜೋಡಿಸುವ ಕೆಲಸಕ್ಕೆ ಸೇರಿದ್ದ. ಉಗುರು ಕತ್ತರಿಸಿದ್ದ. ನಾನು ನೇರವಾಗಿ ಕೇಳಿದೆ, “ಚಿತ್ರ ಬದಲ್ಸೋದು ನಿಜವಾಗ್ಲೂ ಮರೆತಿದ್ದೇನು?”

“ತಾಯಿ ಮಗ ಒಂದ ಗಂಗಾಳದಾಗ ಉಣ್ಣೋರು. ನಾ ಹೊರಗಿನವ. ಈ ಕೇಸು ಬಿಡ್ರಿ ವಕೀಲಮ್ಮ” ಎಂದ. ಒಂದು ಚಹಾ ತರಿಸಿದ.

ಇದು ಉತ್ತರವಲ್ಲ ಎಂದು ನನಗೆ ಗೊತ್ತು. ಆ ಚಿತ್ರದ ಮೋಹಕ್ಕೆ ಬಿದ್ದು ತಾನೇ ಅದನ್ನು ಹೊಸ ಹಾಳೆಗೂ ಅಂಟಿಸಿರಲೂಬಹುದು. ಅವನ ಜಂಬ ಕಂಡವಳು ನಾನು, ಆ ಸಾಧ್ಯತೆಯನ್ನು ತಳ್ಳಿಹಾಕಲಾರೆ. ಆದರೆ ಎಮ್ಮೆಗೊಂದು ಕೊಟ್ಟಿಗೆ ಕೂರಿಸದೆ ನಿದ್ದೆ ಮಾಡದವನು ಇಡೀ ಪಡಸಾಲೆಯನ್ನು ಮರೆಯುತ್ತಾನೆ ಎಂದರೆ ನಂಬುವುದು ಹೇಗೆ?

ಈ ಬೇಸಿಗೆಯಲ್ಲಿ ಚನ್ನಣ್ಣ ತೀರಿಹೋದ. ಸುದ್ದಿ ಹೇಳಲು ಹೋದಾಗ ದೊಡ್ಡವ್ವ ಹಿತ್ತಿಲ ತಗಡಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಕಾವು ತಾಳದೆ ಓಣಿಯ ಹೆಂಗಸರಲ್ಲಿ ಎಷ್ಟೋ ಜನ ಬಿಟ್ಟುಹೋಗಿದ್ದಾರೆ. ದೊಡ್ಡವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿದಳು. “ಪಾಪ. ಆದ್ರೂ ಹಂಗ ಮಾಡಬಾರದಿತ್ತು ಅಂವ” ಎಂದಳು. ಸತ್ತ ಮೇಲೂ ಅವನ ಪಾಲಿಗೆ ಉಳಿದದ್ದು ಅಷ್ಟೇ.

ಮುಂದಿನ ಅಂಗಡಿಯಲ್ಲಿ ಮಲ್ಲಣ್ಣ ಕೂತಿದ್ದ. ಹೋಗಿ ಎದುರು ನಿಂತೆ.

“ಚನ್ನಣ್ಣ ಮರೆತಿದ್ದ ಅಂತನ ಇಟ್ಕೊ ಅಣ್ಣಾ. ಶಟರ್ ಬೇಕಂದವ ನೀನು. ದೊಡ್ಡವ್ವ ಆ ಚಿತ್ರಕ್ಕ ಕುಂಕುಮ ಹಚ್ಚುವಾಗ ಹಾಳಿ ಹಿಡಕೊಂಡು ನಿಂತವನೂ ನೀನು. ನೀ ಯಾಕ ಸುಮ್ಮನಿದ್ದಿ?”