ಗುಣಾಜಿ ಕುಬಲನ ಬಿಳಿ ದೀಪ

ನಮ್ಮ ವೆಂಗುರ್ಲೆಯ ಮೀನುಗಾರರ ವಾಡಿಯಲ್ಲಿ ಗುಣಾಜಿ ಕುಬಲನಷ್ಟು ಅಂಜುಬುರುಕ ಇನ್ನೊಬ್ಬನಿರಲಿಲ್ಲ. ಅದನ್ನು ಅವನೇ ಒಪ್ಪಿಕೊಳ್ಳುತ್ತಿದ್ದ. ಕುಬಲರ ಮನೆಯಲ್ಲಿ ಹುಟ್ಟಿಯೂ ಅವನಿಗೆ ಸಮುದ್ರ ಒಲಿಯಲಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅಪ್ಪನ ಜೊತೆ ಒಮ್ಮೆ ದೋಣಿ ಹತ್ತಿದ್ದನಂತೆ. ದಡ ಮರೆಯಾದ ಕೂಡಲೇ ಕಂಬ ತಬ್ಬಿಕೊಂಡು ಕೂತವನು, ದೋಣಿ ಹಿಂದಿರುಗಿ ದಡದ ಮರಳಿಗೆ ತಾಗಿದ ಮೇಲೂ ಬಿಡಲಿಲ್ಲವಂತೆ. ಹಾಗಾಗಿ ಹಿಡಿಯುವ ಕೆಲಸ ಅಣ್ಣಂದಿರದಾಯಿತು, ಮಾರುವ ಕೆಲಸ ಇವನದಾಯಿತು. ಬೆಳಗ್ಗೆ ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಆಂಬೋಲಿ ಘಾಟ್ ಹತ್ತುವನು; ಆಜರಾ ಕಡೆಯ ಹಳ್ಳಿಗಳಲ್ಲಿ ಬಂಗಡೆ, ತಾರ್ಲೆ ಮೀನು ಮಾರಿ ಹೊತ್ತು ಮುಳುಗುವ ಮೊದಲು ಇಳಿದುಬಿಡುವನು.

ಹೆಂಡತಿ ಶೇವಂತಿ ಇದಕ್ಕೆ ತದ್ವಿರುದ್ಧ. ಮೀನುಪೇಟೆಯಲ್ಲಿ ಅವಳು ಬಾಯಿ ತೆರೆದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. “ನಿಮ್ಮ ನೆರಳಿಗೂ ನೀವ ಅಂಜ್ತೀರಲ್ರೀ, ಬಿಸಿಲಿಗೆ ಹೆಂಗ ಹೋಗ್ತೀರಿ?” ಎಂದು ಗಂಡನನ್ನು ಎಲ್ಲರೆದುರೇ ಕೆಣಕುವಳು. ಗುಣಾಜಿ ನಕ್ಕು ಐಸ್ ಪೆಟ್ಟಿಗೆಯ ಹಗ್ಗ ಬಿಗಿಯುವನು.

ಒಂದು ಸಂಜೆ ಅವನಿಗೆ ಹಳ್ಳಿಯಲ್ಲಿ ತಡವಾಯಿತು. ಘಾಟಿಯ ತಿರುವೊಂದರಲ್ಲಿ ಅವನ ಹಳದಿ ದೀಪಕ್ಕೆ ಏನೋ ಕಪ್ಪಗೆ ಅಡ್ಡ ಬಂತು. ಬಂಡೆ ಉರುಳಿದೆ ಎಂದುಕೊಂಡ. ಬಂಡೆ ಬುಸ್ ಎಂದು ಉಸಿರು ಬಿಟ್ಟಿತು. ಕಾಡುಕೋಣ! ಕೈ ಚಾಚಿದರೆ ಮೈ ಸಿಗುವಷ್ಟು ಹತ್ತಿರ. ಅದು ತನ್ನ ಪಾಡಿಗೆ ರಸ್ತೆ ದಾಟಿಹೋಯಿತು. ಆದರೆ ಮನೆಗೆ ಬಂದವನು ಜ್ವರ ಹಿಡಿದು ಮಲಗಿದ. ಘಾಟಿನ ಹೆಸರೆತ್ತಿದರೆ ಗೋಡೆಯ ಕಡೆ ಹೊರಳುತ್ತಿದ್ದ. ಕೊನೆಗೆ ಶೇವಂತಿಯೇ ಅಂದಳು:

“ಊರ ಹುಡುಗ್ರೆಲ್ಲ ಬಿಳಿ ಎಲ್‌ಇಡಿ ಹಾಕಿಸ್ಯಾರ. ನೀವೂ ಹಾಕಿಸ್ರಿ. ಕೋಣ ದೂರದಿಂದನ ಕಂಡ್ರ ದೂರದಿಂದನ ಅಂಜಬಹುದು.”

ಸಾವಂತವಾಡಿ ರಸ್ತೆಯ ಮೆಕ್ಯಾನಿಕ್ ಪಾಸ್ಕು ಡಿಸೋಜ ಬೈಕಿನ ಮೂತಿ ಬಿಚ್ಚಿ ಹಳೆಯ ಬಲ್ಬು ಕಿತ್ತ. ಹೊಸದರ ಬೆನ್ನಿಗೆ ಪುಟ್ಟ ಫ್ಯಾನಿತ್ತು, ಒಳಗೆ ಹಿಡಿಸಲಿಲ್ಲ. ರಬ್ಬರ್ ಮುಚ್ಚಳವನ್ನು ಕತ್ತರಿಸಿ, ತಂತಿ ಜೋಡಿಸಿ, ಟೇಪು ಸುತ್ತಿ ತುರುಕಿದ. ಗುಣಾಜಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

“ಪಾಸ್ಕು, ಇದು ಬಿಸಿಯಾಗಿ ಬೆಂಕಿ ಹತ್ತಿದ್ರ?”

“ಹಿಂದ ಐಸ್ ಐತೆಲ್ಲ, ಅದರ ಮ್ಯಾಲೆ ಕೂಡು.”

“ಎದುರಿನವರ ಕಣ್ಣಿಗೆ ಹೊಡದ್ರ?”

“ಹೊಡೀಲಿ ಬಿಡೋ. ಇಷ್ಟು ದಿನ ನೀ ಅಂಜಿದಿ, ಇನ್ನ ಅವರು ಅಂಜಲಿ.”

“ಆರಿಸೂದು ಹೆಂಗ?”

“ನಿನ್ನ ಗಾಡೀಗೆ ಆರಿಸೋ ಗುಂಡೀನ ಇಲ್ಲ ಮಾರಾಯ. ಇಂಜಿನ್ ಶುರುವಾದ್ರ ದೀಪಾನೂ ಶುರು.”

ಗ್ಯಾರೇಜಿನ ಗೋಡೆಯ ಮೇಲೆ ಬೆಳಕು ಬಿದ್ದಾಗ ಮೂಲೆಯ ಹಲ್ಲಿ ಓಡಿಹೋಯಿತು. ಗುಣಾಜಿ ಮೊದಲ ಸಲ ಎದೆಯುಬ್ಬಿಸಿ ಮನೆಗೆ ಬಂದ. ಬೇಸಿಗೆಯಿಡೀ ಆ ಬಿಳಿ ಬೆಳಕು ಅವನನ್ನು ಕಾಪಾಡಿತು. ಎದುರಿನ ಲಾರಿಯವರು ಬಾಯಿಗೆ ಬಂದಂತೆ ಬೈದರೂ ತಲೆ ತಗ್ಗಿಸಿ ಸಾಗುತ್ತಿದ್ದ.

ಮಳೆಗಾಲ ಬಂತು. ದೋಣಿಗಳು ದಂಡೆ ಹತ್ತಿ ಕೂತವು. ಆ ದಿನಗಳಲ್ಲಿ ನಮ್ಮದೆಲ್ಲ ಒಣಮೀನಿನ ವ್ಯಾಪಾರ. ಆಷಾಢದ ಒಂದು ಶುಕ್ರವಾರ ಒಣಸಿಗಡಿಯ ಮೂಟೆಗಳನ್ನು ಹೇರಿಕೊಂಡು ಗಂಡ ಹೆಂಡತಿ ಇಬ್ಬರೂ ಆಜರಾ ಸಂತೆಗೆ ಹೋದರು. ಮಾಲು ಬೇಗ ಖಾಲಿಯಾಯಿತು. ಇನ್ನೂ ಹಗಲಿರುವಾಗಲೇ ಹಿಂದಿರುಗಿದರು.

ಆಂಬೋಲಿ ದಾಟಿ ಇಳಿಜಾರು ಶುರುವಾದ ಕೂಡಲೇ ಮಂಜು ಕವಿಯಿತು. ಮಂಜು ಗುಣಾಜಿಗೆ ಹೊಸದಲ್ಲ. ಆದರೆ ಈ ಸಲ ಅವನ ದೀಪವೇ ಅವನಿಗೆ ಎದುರಾಯಿತು. ಬಿಳಿ ಬೆಳಕು ಬಿಳಿ ಮಂಜಿಗೆ ಬಡಿದು ಕಣ್ಣಿಗೇ ತಿರುಗಿ ಬಂತು. ಮುಂದೆ ಸುಣ್ಣ ಬಳಿದ ಗೋಡೆ ನಿಂತಂತಾಯಿತು. ರಸ್ತೆಯಿಲ್ಲ, ಅಂಚಿನ ಕಲ್ಲಿಲ್ಲ, ತನ್ನ ಮುಂದಿನ ಚಕ್ರವೂ ಇಲ್ಲ. ಅವನು ಬ್ರೇಕ್ ಹಿಡಿದು ಕಾಲೂರಿದ. ಬಲಗಾಲಿಗೆ ನೆಲ ಸಿಕ್ಕಿತು. ಎಡಗಾಲಿನ ಹಿಮ್ಮಡಿಗೆ ಜಲ್ಲಿ ಸಿಕ್ಕಿತು, ಬೆರಳುಗಳ ಕೆಳಗೆ ಏನೂ ಇರಲಿಲ್ಲ. ಒಂದು ಕಲ್ಲು ಜಾರಿತು. ಅದು ಬಿದ್ದ ಸದ್ದು ಕೇಳಲೇ ಇಲ್ಲ.

“ನಿಂತದ್ಯಾಕ್ರೀ? ಹೋಗ್ರಿ!” ಎಂದಳು ಶೇವಂತಿ.

“ಎಡಕ್ಕ ಇಳೀಬ್ಯಾಡ,” ಎಂದ ಗುಣಾಜಿ ಮೆಲ್ಲಗೆ. “ಎಡಕ್ಕ ಏನೂ ಇಲ್ಲ.”

ಶೇವಂತಿ ಬಗ್ಗಿ ನೋಡಿದಳು. ಎರಡೂ ಕೈಗಳಿಂದ ಗಂಡನ ಸೊಂಟವನ್ನು ಅವನಿಗೆ ಉಸಿರು ಕಟ್ಟುವಂತೆ ಬಿಗಿದುಕೊಂಡಳು. ಅವಳ ಹಲ್ಲು ಕಟಕಟ ಎನ್ನುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು. ಮೇಲಿನ ತಿರುವಿನಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು ಬಂತು.

ಗುಣಾಜಿ ಇಂಜಿನ್ ಆರಿಸಿದ. ದೀಪ ಹೋಯಿತು. ಬಿಳಿ ಗೋಡೆ ಬೂದಿಬಣ್ಣಕ್ಕೆ ತಿರುಗಿತು, ಕಾಲಡಿಯ ಡಾಂಬರು ಮಸುಕಾಗಿ ಮೂಡಿತು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಲಕ್ಕೆ ಇಳಿಸಿದ. ಗಾಡಿಯನ್ನು ತಳ್ಳುತ್ತ ರಸ್ತೆ ದಾಟಿ ಗುಡ್ಡದ ಬದಿಗೆ ಬಂದ. ಒದ್ದೆ ಬಂಡೆ ಕೈಗೆ ತಾಗಿದಾಗ ಅದಕ್ಕೆ ಹಣೆಯಿಟ್ಟು ನಿಂತ. ಲಾರಿ ಅವರ ಪಕ್ಕದಲ್ಲೇ ಹಾದು ಕೆಳಗಿಳಿಯಿತು. ಡ್ರೈವರನಿಗೆ ಇವರು ಕಂಡೇ ಇರಲಿಲ್ಲ.

“ಇಲ್ಲೇ ಕೂಡೂಣ್ರಿ,” ಎಂದು ಶೇವಂತಿ ಅಳತೊಡಗಿದಳು. “ನನ್ನ ಕಾಲು ಬರೂದಿಲ್ಲ.”

“ಕೂತ್ರ ಇನ್ನೊಂದು ಲಾರಿ ಬರ್ತದ. ನಾ ತಳ್ತೀನಿ, ನೀ ಬಂಡೆಗೆ ಕೈ ಇಟ್ಟು ಬಾ. ಕೂಗ್ಕೋಂತ ಬಾ.”

“ಏನಂತ ಕೂಗ್ಲಿ?”

“ಪ್ಯಾಟ್ಯಾಗ ಕೂಗ್ತೀಯಲ್ಲ, ಹಂಗ. ನಾವು ಕಾಣದಿದ್ರ ನಿನ್ನ ದನಿಯರ ಕೇಳ್ಲಿ.”

ಶೇವಂತಿ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ, “ಒಣಸಿಗಡಿ! ಒಣಸಿಗಡಿ ತಗೊಳ್ರೋ!” ಅಳು, ಕೂಗು ಎರಡೂ ಬೆರೆತಿದ್ದವು. ಕೆಳಗಿನಿಂದ ಬರುತ್ತಿದ್ದ ಜೀಪೊಂದು ಗಕ್ಕನೆ ನಿಂತು, “ಯಾವಳದು ಈ ಮಂಜಿನ್ಯಾಗ ಮೀನು ಮಾರಾಕ್ಹತ್ತಾಳ?” ಎಂದು ಕೇಳಿ, ಹುಷಾರಾಗಿ ಪಕ್ಕಕ್ಕೆ ಸರಿದುಹೋಯಿತು. ಹೀಗೆ ಕೂಗುತ್ತ, ತಳ್ಳುತ್ತ, ಜಲಪಾತದ ಬಳಿಯ ಚಹಾದಂಗಡಿ ಮುಟ್ಟಿದರು.

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಗುಣಾಜಿಯ ಕೈಗಳು ಚಹಾದ ಗ್ಲಾಸು ಹಿಡಿದಾಗ ನಡುಗಿ ಅರ್ಧ ಚೆಲ್ಲಿದವು. ಶೇವಂತಿ ಗ್ಲಾಸು ಇಸಿದುಕೊಂಡು ಅವನಿಗೆ ಕುಡಿಸಿದಳು. ಬೈಕನ್ನು ಅಲ್ಲೇ ಬಿಟ್ಟು ಎಸ್‌ಟಿ ಬಸ್ಸಿನಲ್ಲಿ ಇಳಿದರು.

ಮಾರನೆಯ ದಿನ ಗುಣಾಜಿ ಒಬ್ಬನೇ ಬಸ್ಸು ಹತ್ತಿ ಹೋಗಿ, ಬಿಸಿಲು ಬೀಳುವವರೆಗೆ ಕಾದು, ಗಾಡಿಯನ್ನು ನೇರ ಪಾಸ್ಕುವಿನ ಬಾಗಿಲಿಗೆ ತಂದ.

“ಹಳೇ ಬಲ್ಬು ಹಾಕು. ಆರಿಸೋಕೊಂದು ಗುಂಡೀನೂ ಕೂಡಿಸು.”

“ಹುಚ್ಚೇನೋ ನಿಂಗ? ಮತ್ತ ಕೋಣ ಬಂದ್ರ?”

“ಬರ್ಲಿ. ಅದು ಕಾಣದಿದ್ರೂ ಅದರ ಉಸಿರು ಕೇಳ್ತದ. ಕಮರಿಗೆ ಉಸಿರಿಲ್ಲ ಪಾಸ್ಕು.”

ಪಾಸ್ಕು ಗೊಣಗುತ್ತಲೇ ಮೂತಿ ಬಿಚ್ಚಿದ.

ಶೇವಂತಿ ಆಮೇಲೆ ಘಾಟ್ ಹತ್ತಲಿಲ್ಲ. ಪಕ್ಕದೂರಿನ ತವರಿಗೆ ಹೋಗುವಾಗಲೂ ಬೈಕಿನಲ್ಲಿ ಕೂರಲು ಒಲ್ಲಳು, ನಡೆದೇ ಹೋಗುವಳು. ಗುಣಾಜಿ ಮಾತ್ರ ಇಂದಿಗೂ ಹತ್ತುತ್ತಾನೆ. ಘಾಟಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಮೇಲಿನಿಂದ ಇಳಿದವರನ್ನೆಲ್ಲ ತಡೆದು, “ಮ್ಯಾಲೆ ಮಂಜೈತೇನ್ರೀ?” ಎಂದು ಕೇಳುತ್ತಾನೆ. ಒಬ್ಬ ಇಲ್ಲವೆಂದರೆ ನಂಬುವುದಿಲ್ಲ. ಇನ್ನೊಬ್ಬ ಬರುವವರೆಗೆ ಕಾಯುತ್ತಾನೆ.