ಮೂರನೆಯ ಪೆಟ್ಟಿಗೆಯ ಮುಖ

ರೋಮಿನ ದೊಡ್ಡ ಮನೆತನಗಳಲ್ಲಿ ಸಾವಾದರೆ, ಹಿರಿಯರ ಮೇಣದ ಮುಖಗಳನ್ನು ಹಾಕಿಕೊಂಡ ನಟರ ಸಾಲು ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೆ. ನುಮೆಸ್ತಿ ಮನೆತನದವರದು ಮೂರೇ ಮುಖ. ಒಬ್ಬ ನ್ಯಾಯಾಧಿಕಾರಿ, ಸಂತೆ ಬೀದಿ ನೋಡಿಕೊಳ್ಳುತ್ತಿದ್ದ ಇಬ್ಬರು ಅಧಿಕಾರಿಗಳು. ಇನ್ನೂರು ವರ್ಷದಲ್ಲಿ ಇಷ್ಟೇ ಇವರ ಸಾಧನೆ, ಆದರೆ ಜಂಬಕ್ಕೇನೂ ಬರವಿರಲಿಲ್ಲ. ನಡುಮನೆಯ ಗೋಡೆಯಲ್ಲಿ ಮೂರು ಮರದ ಪೆಟ್ಟಿಗೆಗಳು. ಅವುಗಳನ್ನು ಒರೆಸಿ ಕಾಯುವವಳು ತಲ್ಲೂಸ, ಆ ಮನೆಯಲ್ಲೇ ಹುಟ್ಟಿದ ಗುಲಾಮಳು. ಮುಖ ಹಾಕಿಕೊಳ್ಳುವ ನಟರಿಗೆ ನಡಿಗೆ ಹೇಳಿಕೊಡುವವಳೂ ಅವಳೇ.

ಮೂರನೆಯ ಪೆಟ್ಟಿಗೆಯದು ಮಾರ್ಕುಸ್ ನುಮೆಸ್ತಿಯ ಮುಖ ಎಂದು ಎಲ್ಲರೂ ನಂಬಿದ್ದರು. ಗಲ್ಲದಲ್ಲಿ ಒಂದು ಗುಳಿ. ಧಣಿ ಗಾಯುಸ್ ಬಂದವರಿಗೆಲ್ಲ ತನ್ನ ಗಲ್ಲ ಮುಂದೆ ಚಾಚಿ, "ನೋಡ್ರಿ, ಮುತ್ತಜ್ಜಂದೇ ಅಚ್ಚು!" ಎನ್ನುತ್ತಿದ್ದ. ಅವನ ಗಲ್ಲದಲ್ಲಿ ಗುಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ತಲ್ಲೂಸ ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

ಆ ಗುಳಿ ಅವಳ ತಮ್ಮ ಹೈಲಾಸನದು.

ಅವಳಿಗೆ ಹದಿನೇಳು ವರ್ಷವಿದ್ದಾಗ, ಚಳಿಯೆಂದು ಕೆಂಡದ ಬಟ್ಟಲನ್ನು ತಂದು ಆ ಪೆಟ್ಟಿಗೆಯ ಕೆಳಗೇ ಇಟ್ಟುಬಿಟ್ಟಿದ್ದಳು. ಮಾರ್ಕುಸ್ ಕರಗಿ ಮೂಗಿಲ್ಲದ ಮುದ್ದೆಯಾದ. ಮನೆಯವರು ಊರಿಂದ ಬರಲು ಎರಡು ದಿನವಿತ್ತು. ಬಂದರೆ ಚಾವಟಿ, ಜೀವ ಉಳಿದರೆ ಗಣಿಯ ದುಡಿಮೆ. ಹೊಸ ಮುಖಕ್ಕೆ ಅಚ್ಚು ಕೊಡೆಂದು ಅವಳು ಅಡುಗೆಮನೆಯಲ್ಲಿದ್ದ ತಮ್ಮನ ಕಾಲಿಗೆ ಬಿದ್ದಳು.

"ಅಯ್ಯೋ, ಏಳೇ ಅಕ್ಕಾ! ನನ್ನ ಮುಖಕ್ಕೂ ಒಂದು ಯೋಗ ಬಂತು ಅನ್ನು," ಎಂದು ನಕ್ಕು ಅವನು ಬೆನ್ನ ಮೇಲೆ ಮಲಗಿದ. ಮೂಗಿಗೆ ಎರಡು ಹುಲ್ಲಿನ ಕೊಳವೆ ಸಿಕ್ಕಿಸಿ, ಮುಖಕ್ಕೆ ಎಣ್ಣೆ ಸವರಿ, ಅವಳು ಗಾರೆ ಮೆತ್ತಿದಳು. ಬೆರಳಿನಿಂದ ಮೂರು ಸಲ ತಟ್ಟಿದರೆ "ಏಳ್ಲಾ?" ಎಂದರ್ಥ. ಹಾಗೆ ಮಾತಾಗಿತ್ತು.

ಅವನು ತಟ್ಟಿದ. ಗಾರೆ ಇನ್ನೂ ಹಸಿ. ಈಗ ಎತ್ತಿದರೆ ಅಚ್ಚು ಕೆಡುತ್ತದೆ. "ಇನ್ನೊಂಚೂರು ಕಣೋ," ಎಂದಳು. ಮತ್ತೆ ತಟ್ಟಿದ, ಜೋರಾಗಿ. "ಇನ್ನೊಂದೇ ಒಂಚೂರು, ನನ್ನಪ್ಪ." ಮೂರನೆಯ ಸಲ ಬೆರಳು ಬಲವಿಲ್ಲದೆ ತಟ್ಟಿ ಸುಮ್ಮನಾಯಿತು. ಒಪ್ಪಿಕೊಂಡ ಎಂದುಕೊಂಡಳು, ಪೆದ್ದಿ.

ಗಾರೆ ಎತ್ತಿದಾಗ ಒಂದು ಕೊಳವೆ ಮಡಚಿಹೋಗಿತ್ತು, ಇನ್ನೊಂದರೊಳಗೆ ಗಾರೆ ಇಳಿದಿತ್ತು. ಅಚ್ಚು ಮಾತ್ರ ಚೆನ್ನಾಗಿ ಬಂದಿತ್ತು. ಅದಕ್ಕೆ ಮೇಣ ಎರೆದು ಪೆಟ್ಟಿಗೆಯಲ್ಲಿಟ್ಟಳು; ಹಳೆಯ ಮುಖವನ್ನು ಮನೆಯವರು ಯಾರೂ ಸರಿಯಾಗಿ ನೋಡಿರಲೇ ಇಲ್ಲ. ಹೈಲಾಸನನ್ನು ಊರಾಚೆಯ ಗುಂಡಿಗೆ ಎಸೆದರು. ಗುಲಾಮನಿಗೆ ಯಾರು ಗೋರಿ ಕಟ್ಟುತ್ತಾರೆ?

ಅಂದಿನಿಂದ ನಲವತ್ತು ವರ್ಷ ಅವಳು ಆ ಮುಖ ಒರೆಸಿದಳು. ಬೇರೆ ಎರಡು ಮುಖಗಳ ಮೇಲೆ ಧೂಳಿರುತ್ತಿತ್ತು. ಇದರ ಮೂಗಿನ ಕೆಳಗೆ ಮಾತ್ರ ದಿನಾ ಬೆಳಗ್ಗೆ ತೇವ. ಒರೆಸಿದಷ್ಟೂ ತೇವ.

ಈಗ ಗಾಯುಸ್ ಸತ್ತಿದ್ದ. ತನ್ನ ಉಯಿಲಿನಲ್ಲಿ ಅವಳ ಬಿಡುಗಡೆ ಬರೆದಿಟ್ಟಿದ್ದ. ಒಂದೇ ಷರತ್ತು: ತನ್ನ ಶವಯಾತ್ರೆಗೆ ಹೋದ ಮೂರು ಮುಖಗಳೂ ಮುಕ್ಕಾಗದೆ ಪೆಟ್ಟಿಗೆಗೆ ಮರಳಬೇಕು. ತಲ್ಲೂಸ ಮೂರನೆಯದನ್ನು ದೋರಿಯೋ ಎಂಬ ನಟನಿಗೆ ತಾನೇ ಕಟ್ಟಿದಳು.

"ಕೈಕಾಲು ಆಡಿಸಬೇಡ. ಕೂತ ಕಡೆ ಕಲ್ಲಾಗಿರು."

"ಕೊಟ್ಟ ಕೂಲಿಗೆ ಅಷ್ಟೇ ಸಾಕು ಬಿಡಜ್ಜಿ," ಎಂದ ದೋರಿಯೋ.

ನಡುಹಗಲು. ಚೌಕದ ಜಗಲಿಯ ಮುಂದೆ ಮೂವರು ಹಿರಿಯರೂ ದಂತದ ಕುರ್ಚಿಗಳಲ್ಲಿ ಕೂತಿದ್ದರು. ಧಣಿಯ ಅಣ್ಣನ ಮಗ, ವಾರಸುದಾರ ಕ್ವಿಂತುಸ್ ಜಗಲಿ ಹತ್ತಿ ಮನೆತನದ ಗುಣಗಾನ ಶುರು ಮಾಡಿದ. ಮಾರ್ಕುಸನ ಹೆಸರು ಬರುತ್ತಲೇ ದೋರಿಯೋನ ಬೆರಳು ಕುರ್ಚಿಯ ಕೈಯನ್ನು ತಟ್ಟಿತು. ಒಂದು, ಎರಡು, ಮೂರು.

ಕುರ್ಚಿಯ ಪಕ್ಕದಲ್ಲಿ ನಿಂತಿದ್ದ ತಲ್ಲೂಸ ಆ ಬೆರಳನ್ನೇ ನೋಡಿದಳು. ಭಾಷಣ ಇನ್ನೇನು ಮುಗಿಯುತ್ತಿತ್ತು. ಸಂಜೆಗೆ ಅವಳು ಸ್ವತಂತ್ರಳು.

ಮತ್ತೆ ಮೂರು ಸಲ, ಜೋರಾಗಿ. ಅವಳಿಗರಿವಿಲ್ಲದೆ ತುಟಿಯ ಮೇಲೆ ಮಾತು ಬಂತು: "ಇನ್ನೊಂಚೂರು..." ತನ್ನದೇ ದನಿ ಕೇಳಿ ಅವಳು ಬೆಚ್ಚಿದಳು. ಥೂ, ನನ್ನ ಬಾಯಿಗಿಷ್ಟು!

ಮೂರನೆಯ ಸಲ ಬೆರಳು ಬಲವಿಲ್ಲದೆ ಏಳತೊಡಗಿತು.

"ಸಾಕು ಕಣೋ!" ತಲ್ಲೂಸ ಚೌಕವೆಲ್ಲ ಕೇಳುವಂತೆ ಕಿರುಚಿದಳು. "ಏಳೋ, ನನ್ನ ರಾಜಾ! ಎದ್ದುಬಿಡೋ!"

ಕುರ್ಚಿಯಲ್ಲಿದ್ದವನು ಎದ್ದ. ಎಲ್ಲರಿಗೂ ಕೇಳುವಂತೆ ಒಂದು ದೀರ್ಘ ಉಸಿರು ಎಳೆದುಕೊಂಡ. ದಾರ ತುಂಡಾಗಿ ಮುಖ ಕಲ್ಲಿನ ಮೇಲೆ ಬಿದ್ದು ನಾಲ್ಕು ಚೂರಾಯಿತು.

ದೋರಿಯೋ ಕುಸಿದು ಕೆಮ್ಮುತ್ತಿದ್ದ. "ಉಸಿರೇ ನಿಂತೋಗಿತ್ತು ಸ್ವಾಮಿ. ಕೈ ನನ್ನ ಮಾತು ಕೇಳ್ಲಿಲ್ಲ. ಯಾರೋ ಏಳು ಅಂದ್ರು, ಬದುಕಿದೆ."

ಕ್ವಿಂತುಸ್ ಕೆಳಗಿಳಿದು ಬಂದ. "ಮುದುಕೀ, ಏನು ಮಾಡ್ದೆ ಗೊತ್ತಾ? ಸಾಯೋವರೆಗೂ ನಮ್ಮ ಮನೇಲೇ ಗುಲಾಮಳಾಗಿ ಬಿದ್ದಿರು!"

"ಆಗ್ಲಿ ಧಣಿ," ಎಂದು ತಲ್ಲೂಸ ಚೂರುಗಳನ್ನು ಉಡಿಗೆ ತುಂಬಿಕೊಂಡಳು.

ಅವನ್ನು ಒಂದು ಮಡಕೆಯಲ್ಲಿಟ್ಟು, ಊರ ಹೊರಗಿನ ದಾರಿಬದಿಯಲ್ಲಿ ಹೂತಳು. ಪ್ರತಿ ಫೆಬ್ರವರಿಯಲ್ಲಿ, ಜನ ತಮ್ಮವರ ಗೋರಿಗಳಿಗೆ ಹೋಗುವ ದಿನ, ಅಲ್ಲಿ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಉಪ್ಪು, ಒಂದು ಹಿಡಿ ಹೂವು ಇಟ್ಟು ಬರುತ್ತಿದ್ದಳು.

ಕ್ವಿಂತುಸನ ಹೊಸ ಹೆಂಡತಿ ಮನೆಗೆ ಬಂದಾಗ, ಖಾಲಿ ಪೆಟ್ಟಿಗೆ ತೆರೆದು ಕೇಳಿದಳು: "ಇದರಲ್ಲಿ ಯಾರಿದ್ರೇ?"

ತಲ್ಲೂಸ ಬಟ್ಟೆಯಿಂದ ಒಳಗೆಲ್ಲ ಒರೆಸಿ ನೋಡಿದಳು. ಒಣಗಿತ್ತು.

"ನನ್ನ ತಮ್ಮ, ಅಮ್ಮಾವ್ರೇ," ಎಂದಳು. "ಎದ್ದು ಹೋದ."