ತೊಳೆದಿಟ್ಟ ಬೇರಿಂಗುಗಳು

ನನ್ನ ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವರ ಒಳ್ಳೆಯತನವನ್ನೇ ಹೇಳಿದರು. ಏಳುವಾಗ ಮಾತ್ರ ದನಿ ಇಳಿಸಿ, ಆ ಮೋಟಾರಿನ ಕೆಲಸವೊಂದು ಕೆಡದಿದ್ದರೆ ಎಂಥ ಮಿಸ್ತ್ರಿಯಾಗುತ್ತಿದ್ದರೋ ಎಂದು ಸೇರಿಸುತ್ತಿದ್ದರು. ಆಗ ನಾನು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಳುತ್ತಿದ್ದೇನೆಂದು ಅವರು ಸುಮ್ಮನಾಗುತ್ತಿದ್ದರು. ಅಳು ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಿತ್ತು.

ನಮ್ಮದು ಕುಷ್ಟಗಿ. ಯಜಮಾನರು ಕಂಬಾರರ ಮನೆತನದವರು. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಇದ್ದು ಮೋಟಾರು ನಡೆಸುವುದನ್ನೂ ಬಿಚ್ಚಿ ಕೂಡಿಸುವುದನ್ನೂ ಕಲಿತು ಬಂದಿದ್ದರು. ಊರಿನ ವಕೀಲರೊಬ್ಬರಲ್ಲಿ ಒಂದು ಹಳೆಯ ಕಾರಿತ್ತು. ಅದನ್ನು ಇವರೇ ನಡೆಸುತ್ತಿದ್ದರು. ಯುದ್ಧದ ಕಾಲ. ಪೆಟ್ರೋಲಿಗೆ ಚೀಟಿ, ಬಿಡಿ ಸಾಮಾನಂತೂ ಎಲ್ಲಿಯೂ ಇಲ್ಲ. ಅಂಥದರಲ್ಲಿ ಒಂದು ದಿನ ಹನುಮಸಾಗರದಿಂದ ಬರುವಾಗ ಎಂಜಿನ್ನಿನೊಳಗೆ ಒನಕೆ ಬಡಿದಂತೆ ಸಪ್ಪಳವಾಗಿ ಕಾರು ನಿಂತಿತು. ಕ್ರ್ಯಾಂಕ್ ಶಾಫ್ಟ್ ಮುರಿದಿತ್ತು. ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಡೊಂಕು ಡೊಂಕಾದ ದಪ್ಪ ಕಂಬಿ ಅದು. ಅದಿಲ್ಲದೆ ಗಾಲಿ ಉರುಳದು. ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ಊರಿಗೆ ಎಳೆದು ತಂದರು.

ವಕೀಲರು ಹುಬ್ಬಳ್ಳಿಗೆ ಕಳಿಸೋಣವೆಂದರು. ಇವರು ಒಪ್ಪಲಿಲ್ಲ.

"ಸಾಹೇಬ್ರ, ಒಂದ್ ತಿಂಗಳ ಕೊಡ್ರಿ. ನಮ್ಮ ಮನ್ಯಾಗ ಬಿಚ್ಚಿ ಕೂಡಸ್ತೀನಿ."

"ಮನ್ಯಾಗ? ಅದೇನು ರೊಟ್ಟಿ ಬಡಿಯೂ ಕೆಲಸ ಅಂತ ತಿಳದಿಯೇನೋ?"

"ಆಗಲಿಲ್ಲಂದ್ರ ಇನ್ನ ಮ್ಯಾಲ ನನಗ ಮಿಸ್ತ್ರಿ ಅನಬ್ಯಾಡ್ರಿ."

ಈ ಮಾತು ಊರಿಗೆಲ್ಲ ಹಬ್ಬಿತು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ಕಾಡಿಸಿದರು. "ಏನ ನಮ್ಮವ್ವ, ನಿನ್ನ ಗಂಡ ಮೋಟಾರಿನ ಕರುಳ ತಗದು ಪಡಸಾಲ್ಯಾಗ ಹಾಸ್ಯಾನಂತಲ್ಲ! ಮಕ್ಕೊಳ್ಳಾಕ ನಿನಗ ಜಾಗ ಐತಿಲ್ಲೋ?" ನಾನೂ ನಗುತ್ತಿದ್ದೆ. ಒಳಗೆ ಹೆಮ್ಮೆಯಿತ್ತು.

ಗಂಗಾವತಿಯ ಅಕ್ಕಿ ಗಿರಣಿಯೊಂದರ ಹಿಂದೆ ಅದೇ ಜಾತಿಯ ಮುರುಕು ಕಾರು ಬಿದ್ದಿರುವುದು ಇವರಿಗೆ ಗೊತ್ತಿತ್ತು. ಹೋಗಿ ಅದರ ಶಾಫ್ಟನ್ನು ಚಕ್ಕಡಿಯಲ್ಲಿ ಹೇರಿಕೊಂಡು ತಂದರು. ಆದರೆ ತಂದ ಶಾಫ್ಟು ನಮ್ಮ ಬೇರಿಂಗುಗಳಲ್ಲಿ ಸರಿಯಾಗಿ ಕೂಡಲಿಲ್ಲ. ಬೇರಿಂಗೆಂದರೆ ಹಳದಿ ಲೋಹದ ಅರ್ಧ ಬಟ್ಟಲುಗಳು, ಒಳಮೈಗೆ ಬಿಳಿ ಲೋಹದ ಲೇಪ. ಎರಡೆರಡು ಸೇರಿದರೆ ಒಂದು ಬಳೆಯಾಗುತ್ತಿತ್ತು. ಒಟ್ಟು ಎಂಟು ಅರ್ಧಗಳು.

"ಏ, ನಿನ್ನ ಕಾಡಿಗಿ ಡಬ್ಬಿ ಕೊಡ ಇಲ್ಲೆ," ಎಂದರು.

"ಮೋಟಾರಿಗೆ ಕಾಡಿಗಿ ಹಚ್ಚತೀರೇನ್ರಿ?"

"ಹೂಂ. ಮದಿವಿ ಐತಿ ಅದರದು."

ಕಾಡಿಗೆಯನ್ನು ಔಡಲೆಣ್ಣೆಯಲ್ಲಿ ಕಲಸಿ ಶಾಫ್ಟಿಗೆ ತೆಳ್ಳಗೆ ಸವರುವರು. ಅದನ್ನು ಬೇರಿಂಗಿನಲ್ಲಿಟ್ಟು ಒಂದು ಸುತ್ತು ತಿರುಗಿಸುವರು. ಬಟ್ಟಲಿನೊಳಗೆ ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಉಬ್ಬಿದೆಯೆಂದು ಅರ್ಥ. ಅಷ್ಟನ್ನೇ ಬಾಗಿದ ಚಾಕುವಿನಿಂದ ಕೂದಲೆಳೆಯಷ್ಟು ಕೆರೆಯುವರು. ಮತ್ತೆ ಕಾಡಿಗೆ, ಮತ್ತೆ ಸುತ್ತು. ಹನ್ನೊಂದು ದಿನ ಹೀಗೆಯೇ ಕೂತರು. ಕೊನೆಗೆ ಎಂಟೂ ಅರ್ಧಗಳನ್ನು ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಯಾವುದು ಯಾವ ಜಾಗದ್ದೆಂದು ತಿಳಿಯಲು ಬೆನ್ನಿಗೆ ಎಲೆ ಅಡಿಕೆಯ ಸುಣ್ಣದಿಂದ ಬೊಟ್ಟು ಇಟ್ಟರು. ಒಂದು ಬೊಟ್ಟು, ಎರಡು ಬೊಟ್ಟು, ಹೀಗೆ. ಯಾವ ಅರ್ಧ ಯಾವ ಜಾಗಕ್ಕೆ ಕೆರೆದದ್ದೋ ಅಲ್ಲಿಯೇ ಕೂಡಬೇಕು. ಅದಲು ಬದಲಾದರೆ ಶಾಫ್ಟು ಬಿಗಿಯಾಗಿ ಹಿಡಿದುಕೊಂಡು ಮುರಿಯುತ್ತದೆ ಎಂದು ನನಗೂ ಹೇಳಿದ್ದರು. ಮರುದಿನ ಎಂಜಿನ್ನಿನ ಸಂದಿಗೆ ಹಾಕುವ ಗ್ಯಾಸ್ಕೆಟ್ ತರಲು ಹುಬ್ಬಳ್ಳಿಗೆ ಹೊರಟರು. "ಇದನ್ನ ಮುಟ್ಟಬ್ಯಾಡ. ಕಸ ಹೊಡಿಯಾಕೂ ಬ್ಯಾಡ," ಎಂದು ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದರು.

ಅವರು ಬರುವುದು ತಡವಾಯಿತು. ನಡುವೆ ಖಂಡೇಪೂಜೆ ಬಂತು. ಕಂಬಾರರ ಮನೆಯಲ್ಲಿ ಆ ದಿನ ಇಕ್ಕಳದಿಂದ ಹಿಡಿದು ಸೂಜಿಯವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ ಪೂಜೆ ಮಾಡಬೇಕು. ನಮ್ಮ ಅತ್ತೆ ಗೋಣಿತಟ್ಟಿನ ಕಡೆ ನೋಡಿ, "ಅನ್ನ ಕೊಡೂ ಸಾಮಾನ ಜಿಡ್ಡ ಹಿಡದ ಕುಂತಾವ. ಹಂಗ ಬಿಟ್ರ ಹ್ಯಾಂಗವಾ?" ಎಂದರು. ಅವರು ಅಂದದ್ದು ಅಷ್ಟೇ. ಮಾಡಿದವಳು ನಾನು. ಹುಣಸೆಹಣ್ಣು, ಬೂದಿ ಹಚ್ಚಿ ಎಂಟನ್ನೂ ದೇವರ ಸಾಮಾನಿನಂತೆ ತಿಕ್ಕಿದೆ. ಬಂಗಾರದಂತೆ ಹೊಳೆದವು. ಬುಟ್ಟಿಯಲ್ಲಿ ಬೋರಲು ಹಾಕಿದ ಮೇಲೆಯೇ ನನಗೆ ಸುಣ್ಣದ ಬೊಟ್ಟಿನ ನೆನಪಾದದ್ದು. ಒಂದರ ಮೇಲೂ ಗುರುತಿರಲಿಲ್ಲ. ಎತ್ತಿ ಎತ್ತಿ ನೋಡಿದೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ತರಹ. ತೋಚಿದಂತೆ ಜೋಡಿ ಮಾಡಿ ಸಾಲಾಗಿ ಇಟ್ಟೆ. ಮೇಲೆ ನಾನೇ ಸುಣ್ಣದ ಬೊಟ್ಟುಗಳನ್ನೂ ಇಟ್ಟೆ.

ವಿಜಯದಶಮಿಯ ಮುಂಜಾನೆ ಅವರು ಬಂದರು. ವಕೀಲರಿಗೆ ಅಂದೇ ಸಂಜೆಗೆ ಕನಕಗಿರಿಯ ಬೀಗರ ಮನೆಗೆ ಬನ್ನಿ ಕೊಡಲು ಹೋಗಬೇಕಿತ್ತು. ಇವರು ಚಹಾ ಕೂಡ ಕುಡಿಯದೆ ಕೂತರು. ಬೇರಿಂಗುಗಳನ್ನು ನೋಡಿ ನಕ್ಕರು.

"ಪೂಜಿ ಮಾಡಿದಿ ಅಲ್ಲ? ಮುಟ್ಟಬ್ಯಾಡ ಅಂದಿದ್ನಿ."

"ಅತ್ತಿಯಾರು ಅಂದ್ರು."

"ಇರ್ಲಿ ಬಿಡ. ಸಾಲು ತಪ್ಪಿಲ್ಲ ಹೌದಿಲ್ಲೋ?"

"ಇಲ್ರಿ. ನೀವು ಇಟ್ಟಂಗ ಅದಾವು."

ಅತ್ತೆಯ ಮೇಲೆ ಹಾಕಿದ್ದು ಒಂದು, ಸುಳ್ಳು ಹೇಳಿದ್ದು ಇನ್ನೊಂದು. ಅವರು ನನ್ನ ಮುಖ ನೋಡಿ ನಂಬಿದರು. ಕೂಡಿಸುವಾಗ ಶಾಫ್ಟು ಬಿಗಿಯಾಗಿ ತಿರುಗಿತು. "ಮೊನ್ನೆ ಇಷ್ಟು ಬಿಗಿ ಇರಲಿಲ್ಲಲ್ಲ," ಎಂದು ತಮ್ಮಷ್ಟಕ್ಕೆ ಅಂದರು. ಮತ್ತೆ ಬಿಚ್ಚಿ ನೋಡಲು ಹೊತ್ತಿರಲಿಲ್ಲ. ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತ ಕೂತಿದ್ದೆ. ಆಗಲಾದರೂ ಎದ್ದು ಹೋಗಿ ಹೇಳಬಹುದಿತ್ತು.

ಎಂಜಿನ್ ಶುರುವಾದಾಗ ಓಣಿಯವರೆಲ್ಲ ಕೂಗಿದರು. ಯಾರೋ ಇವರ ರುಮಾಲಿಗೆ ಬನ್ನಿ ಸಿಕ್ಕಿಸಿದರು. ಕನಕಗಿರಿ ಇನ್ನೂ ಆರೇಳು ಮೈಲಿ ಇರುವಾಗ ಶಾಫ್ಟು ಮತ್ತೆ ಮುರಿಯಿತು.

ಮರುದಿನ ಎತ್ತುಗಳು ಕಾರನ್ನು ಎಳೆದು ತಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದವು. ಮಂದಿ ನೆರೆದಿತ್ತು. ವಕೀಲರು ಸಿಟ್ಟಿನಿಂದ, "ಹುಬ್ಬಳ್ಳಿಗೆ ಕಳಸೂನು ಅಂದ್ರ ಹಠ ಹಿಡದಿ. ನೇಗಿಲ ಕುಳ ಬಡಿಯೂ ಕೈಗೆ ಮೋಟಾರ ಕೊಟ್ಟಿದ್ದು ನಂದ ತಪ್ಪು," ಎಂದರು.

"ಇಲ್ರಿ ಸಾಹೇಬ್ರ. ತಪ್ಪು ನನ್ನ ಕೈದು," ಎಂದರು ಇವರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಗಂಡಸರ ಮುಂದೆ ಹೆಂಗಸರು ಬರಬಾರದೆಂಬ ರೂಢಿ ಅಂದು ನನಗೆ ಅನುಕೂಲವಾಯಿತು. ಆದರೆ ಆಮೇಲೆ ಮನೆಯಲ್ಲಿ ಇಬ್ಬರೇ ಇರುವಾಗ ಯಾವ ರೂಢಿ ಅಡ್ಡ ಬಂದಿತ್ತು? ನಾಳೆ ಹೇಳೋಣ, ನಾಳೆ ಹೇಳೋಣ ಎಂದು ವರ್ಷಗಳನ್ನೇ ಕಳೆದೆ.

ಅವರು ಮತ್ತೆ ಎಂಜಿನ್ನಿಗೆ ಕೈ ಹಚ್ಚಲಿಲ್ಲ. ಕುಲುಮೆಯಲ್ಲಿ ಕುಳ, ಕುಡುಗೋಲು ಬಡಿದುಕೊಂಡಿದ್ದರು. ಹಿಟ್ಟಿನ ಗಿರಣಿಯವನು ಎರಡು ಸಲ ಬಂದು ಕರೆದ. "ನನಗ ಬರೂದಿಲ್ಲಪಾ, ಬ್ಯಾರೆ ಯಾರನ್ನಾರ ಕರಿ," ಎಂದು ಕಳಿಸಿದರು. ಹುಬ್ಬಳ್ಳಿಯಲ್ಲಿ ಕಲಿತ ಮನುಷ್ಯ ಹೀಗೆ ಹೇಳುವುದನ್ನು ನಾನು ರೊಟ್ಟಿ ಬಡಿಯುತ್ತ ಕೇಳಿದೆ. ಕೈ ಮಾತ್ರ ನಿಲ್ಲಲಿಲ್ಲ.

ಹೋದ ವಾರ ಆ ವಕೀಲರು ಮಾತಾಡಿಸಲು ಬಂದರು. ತಲೆ ಪೂರ್ತಿ ಹಣ್ಣಾಗಿದೆ. "ಭಾಳ ಛಲೋ ಮನಷ್ಯಾ. ಕೈಯೊಂದು ತಪ್ಪಿತು," ಎಂದರು. ನನಗೆ ತಡೆಯಲಾಗಲಿಲ್ಲ. ಓಣಿಯ ನಾಲ್ಕು ಜನ ಕೂತಿದ್ದಾಗಲೇ ಹೇಳಿಬಿಟ್ಟೆ: ತೊಳೆದದ್ದು, ಬೊಟ್ಟು ಅಳಿಸಿದ್ದು, ನಾನೇ ಬೊಟ್ಟು ಇಟ್ಟದ್ದು, ಸುಳ್ಳು ಹೇಳಿದ್ದು.

ವಕೀಲರು ತಮ್ಮ ಕೋಲನ್ನು ಗೋಡೆಗೆ ಒರಗಿಸಿದರು.

"ಆ ದಿನ ಕನಕಗಿರಿ ರಸ್ತೆದಾಗ ಅವ ಕಾರಿನ ಕೆಳಗ ಮಕ್ಕೊಂಡು ಅದನ್ನೆಲ್ಲ ಬಿಚ್ಚಿದ್ದ," ಎಂದರು. "ಆ ಬಟ್ಟಲ ಒಂದೊಂದ ಕೈಯಾಗ ಹಿಡಕೊಂಡು ಬೆರಳಾಡಿಸಿ ನೋಡಿದ. ಏನಾತೋ ಅಂತ ಕೇಳಿದ್ನಿ. ತಪ್ಪು ನನ್ನ ಕೈದು ಸಾಹೇಬ್ರ ಅಂದ. ಮತ್ತೇನೂ ಅನಲಿಲ್ಲ."

ಹನ್ನೊಂದು ದಿನ ಕೆರೆದ ಬೆರಳುಗಳು ಅವು. ಯಾವುದು ಎಲ್ಲಿಯದೆಂದು ಅವಕ್ಕೆ ತಿಳಿಯದೆ ಇದ್ದೀತೆ? ಮನೆಗೆ ಬಂದ ಮೇಲೆ ಅವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ವಕೀಲರು ಎದ್ದು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ನಿಂತು, "ಆಗ ನೀ ಹೇಳಿದ್ರ ನಾ ಮತ್ತ ಅವನ ಕೈಗೇ ಕೊಡತಿದ್ನವಾ ಕಾರು," ಎಂದರು. ಓಣಿಯವರು ಒಬ್ಬೊಬ್ಬರಾಗಿ ಎದ್ದು ಅವರ ಹಿಂದೆ ಹೋದರು.